ಎಣ್ಣೆ ಹಲಗೆಯ ಮೇಲೆ ಎರೆಮಣ್ಣು

೧೯೭೪ರಲ್ಲಿ ನಾನು ಸಿಂಧನೂರಿನ ಒಂದು ಚಿತ್ರಶಾಲೆಯಲ್ಲಿ ಕೆಲಸಕ್ಕಿದ್ದೆ. ನಿಮ್ಮಜ್ಜ ತೀರಿಕೊಂಡು ಎರಡು ವರ್ಷವಾಗಿತ್ತು. ನಾನು ಓದಿದ್ದು ಗೊರೇಬಾಳದ ಶಾಲೆಯಲ್ಲಿ ನಾಲ್ಕನೇ ಇಯತ್ತೆ ಮಾತ್ರ. ಬಾಗಿಲು ತೆಗೆಯುವುದು, ಕಸ ಹೊಡೆಯುವುದು, ಚಿತ್ರಗಳ ದೂಳು ಒರೆಸುವುದು ನನ್ನ ಪಾಲಿನ ಕೆಲಸ. ಅಜ್ಜಿ ಅಲ್ಲಿ ಏನು ಮಾಡಿದಳು ಎಂದು ನೀವು ಕೇಳುತ್ತೀರಿ. ಬಾಯಿಂದ ಹೇಳಲು ಸಂಕೋಚ, ಅದಕ್ಕೇ ಬರೆದಿಡುತ್ತಿದ್ದೇನೆ.

ಕಾಲುವೆ ಬಂದ ಮೇಲೆ ಸುತ್ತಲಿನ ಹೊಲಗಳಲ್ಲಿ ಹತ್ತಿ ಹೋಗಿ ಭತ್ತ ಬಂತು. ಹೀಗೆ ಖಾಲಿ ಬಿದ್ದ ಹತ್ತಿ ಗೋದಾಮೊಂದನ್ನು ಮೂವರು ಚಿತ್ರಕಾರರು ಕೇಳಿ ಪಡೆದಿದ್ದರು. ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ್ ಬಸವಂತಪ್ಪ, ಅಂಗಡಿ ಬೋರ್ಡು ಬರೆಯುವ ಖಾಜಾಸಾಬ್, ನಿರಾಶ್ರಿತರಿದ್ದ ಆರ್.ಎಚ್. ಕ್ಯಾಂಪಿನ ಬಂಗಾಲಿ ಹೆಣ್ಣುಮಗಳು ಶೆಫಾಲಿ. ಅಲ್ಲಿ ಯಜಮಾನರೆಂದು ಯಾರೂ ಇರಲಿಲ್ಲ. ಏನು ಮಾಡಬೇಕೆಂದರೂ ಮೂವರೂ ಹೂಂ ಅನ್ನಬೇಕು. ಈ ಕಟ್ಟುಪಾಡಿನಿಂದ ಎಷ್ಟು ಕಪ್ ಚಹಾ ಆರಿ ಹೋಯಿತೋ.

ಆ ಬೇಸಿಗೆಯಲ್ಲಿ ಗೋದಾಮಿನ ಸಾಹುಕಾರರು ಭತ್ತ ತುಂಬಲು ಜಾಗ ಬೇಕೆಂದರು. ಮಾಸ್ತರ್ ಬೇಡಿಕೊಂಡರು. ಊರಿನ ಒಬ್ಬ ಮನುಷ್ಯನೂ ಒಳಗೆ ಕಾಲಿಟ್ಟದ್ದು ಕಂಡಿಲ್ಲ, ಮುಂದಿನ ಪ್ರದರ್ಶನ ನೋಡಿ ಹೇಳುತ್ತೇನೆ ಎಂದು ಸಾಹುಕಾರರು ಹೋದರು. ಗೋದಾಮು ಹೋದರೆ ಚಿತ್ರಶಾಲೆಯೇ ಹೋದಂತೆ. ಜೊತೆಗೆ ನನ್ನ ಕೆಲಸವೂ.

ಮೂವರೂ ಕೂಡಿ ಒಂದೇ ದೊಡ್ಡ ಚಿತ್ರ ಮಾಡಲು ನಿಶ್ಚಯಿಸಿದರು. ಹನ್ನೆರಡು ಅಡಿ ಹಲಗೆ. ಎಡಕ್ಕೆ ಕಾಲುವೆ ಬರುವ ಮುಂಚಿನ ನೆಲ, ಬಲಕ್ಕೆ ನೀರುಂಡ ನೆಲ. ಬಣ್ಣದ ಬದಲು ನಮ್ಮ ಹೊಲದ ಕಪ್ಪು ಎರೆಮಣ್ಣು. ಖಾಜಾಸಾಬ್ ತಮ್ಮ ರೂಢಿಯಂತೆ ಹಲಗೆಗೆ ಮೊದಲು ಎರಡು ಕೈ ಪ್ರೈಮರ್ ಬಳಿದರು. ಬಣ್ಣ ಹಿಡಿಯಲೆಂದು ಹಚ್ಚುವ, ಎಣ್ಣೆ ಕೂಡಿದ ಬಿಳಿ ಲೇಪ ಅದು. ಅಂಗಡಿ ಬೋರ್ಡಿಗೆ ಸರಿ. ಆದರೆ ಜಿಡ್ಡಿನ ಮೇಲೆ ಮಣ್ಣು ನಿಲ್ಲುವುದಿಲ್ಲವೆಂದು ಗೋಡೆ ಮೆತ್ತಿದ ಹೆಂಗಸಿಗೆ ಯಾರೂ ಕಲಿಸಬೇಕಿಲ್ಲ. ನನಗೆ ಗೊತ್ತಿತ್ತು. ಬಲ್ಲವರ ನಡುವೆ ನನ್ನದೇನು ಎಂದು ಸುಮ್ಮನೆ ಕಸ ಹೊಡೆದೆ.

ಪ್ರದರ್ಶನಕ್ಕೆ ನಾಲ್ಕು ದಿನವಿತ್ತು. ಬೆಳಿಗ್ಗೆ ಬಾಗಿಲು ತೆಗೆದರೆ ಚಿತ್ರವೆಲ್ಲ ಹಪ್ಪಳದಂತೆ ಎದ್ದು ನೆಲಕ್ಕೆ ಉದುರಿತ್ತು. ಮಾಸ್ತರ್ ಗೋಂದು ಕೂಡಿಸೋಣ ಎಂದರು. ಖಾಜಾಸಾಬ್ ಇನ್ನೊಂದು ಕೈ ಪ್ರೈಮರ್ ಎಂದರು. ಆಗ ನನ್ನ ಬಾಯಿ ಹೇಗೋ ತೆರೆಯಿತು.

"ಎಣ್ಣಿ ಮ್ಯಾಲ ಮಣ್ಣು ನಿಂದ್ರಂಗಿಲ್ರೀ. ಹಲಗಿಗೆ ಮೊಳಿ ಹಾಕಿ ಗೋಣಿತಟ್ಟು ಬಡೀರಿ, ಅದರ ಮ್ಯಾಲ ಮೆತ್ತೋಣು."

"ಮದ್ಲ ಯಾಕ ಹೇಳ್ಲಿಲ್ಲ ತಂಗಿ?" ಎಂದರು ಖಾಜಾಸಾಬ್.

"ನೀವು ಕೇಳ್ಲಿಲ್ರೀ."

ಅವರು ನಕ್ಕುಬಿಟ್ಟರು. "ಖರೇ ಐತಿ. ಊರ ಮಂದಿ ಹೆಸರೆಲ್ಲಾ ಬರದೀನಿ, ಊರ ಮಣ್ಣು ತಿಳೀಲಿಲ್ಲ ನೋಡು."

ತಮ್ಮ ಕಡೆಯೂ ಬಿದಿರ ತಟ್ಟಿಗೆ ಮಣ್ಣು ಮೆತ್ತುತ್ತಾರೆಂದು ಶೆಫಾಲಿ ಮೊದಲು ಹೂಂ ಅಂದಳು. ಖಾಜಾಸಾಬರೂ ಅಂದರು. ಇದು ಚಿತ್ರವೋ ಮಣ್ಣು ಮೆತ್ತಿದ ಕಾಳಿನ ಕಣಜವೋ ಎಂದು ಮಾಸ್ತರ್ ಮಾತ್ರ ಒಪ್ಪಲಿಲ್ಲ. ಗೋಣಿತಟ್ಟಿನ ಒಂದು ತುಂಡಿಗೆ ಮಣ್ಣು ಮೆತ್ತಿ ಬಿಸಿಲಿಗಿಟ್ಟೆ. ಮಧ್ಯಾಹ್ನ ಅವರು ಉಗುರು ಹಾಕಿ ಕಿತ್ತು ನೋಡಿದರು, ಬರಲಿಲ್ಲ. ಹೂಂ ಅಂದರು.

ಎರೆಮಣ್ಣಿಗೆ ಸಣ್ಣ ಹೊಟ್ಟು, ಸಗಣಿ ಕೂಡಿಸಿ ತುಳಿದು ಒಂದು ದಿನ ನೆನೆಸಿದೆ. ನಾನು ಮೆತ್ತುತ್ತ ಮುಂದೆ ಹೋದಂತೆ ಅವರು ಹಸಿಯಲ್ಲೇ ಗೆರೆ ಎಳೆಯುತ್ತ ಬಂದರು. ಬೇಗ ಒಣಗಿ ಬಿರಿಯಬಾರದೆಂದು ಒದ್ದೆ ಬಟ್ಟೆ ಹೊದಿಸಿದೆ. ಎಡಗಡೆಗೆ ಬಟ್ಟೆ ಸಾಲದೆ ಅಲ್ಲಿ ಬಿರುಕು ಬಿಟ್ಟಿತು. ಮುಚ್ಚಲು ಹೋದರೆ ಶೆಫಾಲಿ ನನ್ನ ಕೈ ಹಿಡಿದಳು.

"ಬಿಡು ಅಕ್ಕಾ. ನೀರಿಲ್ಲದ ಹೊಲ ಹಿಂಗೇ ಅಲ್ಲೇನು?"

ಪ್ರದರ್ಶನದ ದಿನ ಭತ್ತದ ಬಂಡಿ ಬಿಟ್ಟು ಒಬ್ಬ ಮುದುಕ ಒಳಗೆ ಬಂದ. ಬಿರುಕಿನಲ್ಲಿ ಬೆರಳು ತೂರಿಸಿ, "ಇಂಥದ್ರಾಗ ಸಿಕ್ಕೇ ನನ್ನ ಎತ್ತಿನ ಕಾಲು ಮುರದಿತ್ತು" ಎಂದ. ಬಲಗಡೆ ಬಂದು ಬಹಳ ಹೊತ್ತು ನಿಂತ. ಹೊರಗೆ ಹೋಗಿ ಹೆಂಡತಿಯನ್ನೂ ಉಳಿದ ಬಂಡಿಯವರನ್ನೂ ಕರೆತಂದ. ಸಾಹುಕಾರರು ಬಾಗಿಲ ಬಳಿ ನಿಂತು ಅವರನ್ನೇ ನೋಡುತ್ತಿದ್ದರು. ಬರುವ ಸುಗ್ಗಿಯವರೆಗೆ ಗೋದಾಮು ಇಟ್ಟುಕೊಳ್ಳಿ ಎಂದು ಹೇಳಿ ಹೋದರು.

ಖಾಜಾಸಾಬರು ಚಿತ್ರದ ಕೆಳಗಿನ ಮರದ ಪಟ್ಟಿಯಲ್ಲಿ ಮಾಡಿದವರ ಹೆಸರು ಬರೆದರು. ನಾಲ್ಕು ಹೆಸರು, ಕೊನೆಯದು ನನ್ನದು. ಒರೆಸಿಬಿಡಿ ಎಂದು ಕೇಳಿಕೊಂಡೆ. ಎಣ್ಣೆ ಬಣ್ಣ, ಹೋಗುವುದಿಲ್ಲ ಎಂದರು. ಮಂದಿ ಹೋದ ಮೇಲೆ ಒಬ್ಬಳೇ ನಿಂತು ಅದನ್ನು ಓದಿಕೊಂಡೆ.

ಗೊತ್ತಿದ್ದೂ ಸುಮ್ಮನಿದ್ದರೆ ಇನ್ನೊಬ್ಬರ ಕೆಲಸ ಕೆಡಿಸಿದಂತೆಯೇ ಎಂದು ಆ ಚಿತ್ರಶಾಲೆ ನನಗೆ ಕಲಿಸಿತು. ನನ್ನ ನಾಚಿಕೆಯೇನೂ ಹೋಗಲಿಲ್ಲ, ಈಗಲೂ ಇದೆ. ಅಂದಿನಿಂದ ತಲೆ ತಗ್ಗಿಸಿಕೊಂಡೇ ಹೇಳತೊಡಗಿದೆ. ತಲೆ ತಗ್ಗಿದ್ದರೂ ಮಾತು ಕೇಳಿಸುತ್ತದೆ, ಮಕ್ಕಳೇ.