ನೀರಿಳಿದ ಮೇಲೆ ಬಂದವರು

ನಮ್ಮವ್ವನ ಬಾಯಲ್ಲಿ ಎಲ್ಲಕ್ಕಿಂತ ಕೆಟ್ಟ ಬೈಗುಳ ಎಂದರೆ 'ನೀರ ಇಳದ ಮ್ಯಾಲೆ ಬಂದವ'. ಶಿರಗುಪ್ಪಿಯಿಂದಾಚೆ ಕೃಷ್ಣಾ ಹೊಳೆಯ ದಂಡೆಯ ಊರು ನಮ್ಮದು. ಮಹಾಪೂರ ಬಂದಾಗ ಒಬ್ಬ ಸಾಹೇಬನೂ ಕಾಣುವುದಿಲ್ಲ. ಅಂಗಳ ಒಣಗಿದ ಮೇಲೆ ಸರ್ವೆಯವರು ಬಂದು, "ಎಲ್ಲಿ ತನಕ ಬಂದಿತ್ರಿ?" ಎಂದು ಕೇಳುತ್ತಾರೆ. ಅವ್ವ ಪಡಸಾಲೆಯ ಗೋಡೆಯ ಮೇಲಿನ ಕೆಸರಿನ ಗೆರೆ ತೋರಿಸುತ್ತಾಳೆ. ಅವರು ನೋಡುವುದು ಒಣ ಅಂಗಳವನ್ನೇ.

ಬಿ.ಎ. ಕೊನೆಯ ವರ್ಷ ಭೂಗೋಳದ ಫೀಲ್ಡ್‌ವರ್ಕ್‌ಗೆಂದು ಸರ್ ನಮ್ಮನ್ನು ಉತ್ತರ ಕನ್ನಡದ ಒಂದು ಕಡಲತೀರಕ್ಕೆ ಕರೆದೊಯ್ದರು. ಅಲೆ ಮರಳು ತಿನ್ನಬಾರದೆಂದು ಅಲ್ಲಿ ಕರಿಬಂಡೆಗಳ ತಡೆಗೋಡೆ ಹಾಕಿದ್ದರು. ಗೋಡೆ ಮುಗಿಯುವಲ್ಲಿಂದ ಆಚೆಯ ಮರಳಿನ ಗತಿ ಏನು ಎಂದು ಅಳೆಯುವುದು ನಮ್ಮ ಕೆಲಸ. ಬಸ್ಸಿಳಿದ ಕೂಡಲೇ ಒಣಮೀನಿನ ವಾಸನೆ ಬಡಿಯಿತು. ಮನೆಯಲ್ಲಿ ಉಳ್ಳಾಗಡ್ಡಿಯನ್ನೂ ತಿನ್ನದ ಜೈನರ ಮಗಳು ನಾನು. ಮೂಗಿಗೆ ಹಿಡಿದ ಕರವಸ್ತ್ರ ತೆಗೆಯಲೇ ಇಲ್ಲ. ಆಗ ಹೇಸಿಗೆ ಎಂದರೆ ಅದೇ ಎಂದುಕೊಂಡಿದ್ದೆ.

ಗೋಡೆ ಮುಗಿದಲ್ಲಿ ಮೊದಲ ಮನೆ ಒಬ್ಬ ಮೀನು ಮಾರುವ ಹೆಂಗಸಿನದು. ಅಂಗಳದ ತೆಂಗಿನ ಬೇರುಗಳು ಮಣ್ಣು ಬಿಟ್ಟು ಹೊರಗೆ ಕಾಣುತ್ತಿದ್ದವು. ಆದರೆ ಮುಂದೆ ಮರಳು ಅಗಲವಾಗಿ ಹರಡಿತ್ತು. ಟೇಪು ಹಿಡಿದು ಅಳೆದೆವು. ಹೆಂಗಸು ನನ್ನ ಪಕ್ಕ ಬಂದು ಹೇಳಿದಳು: "ತಂಗಿ, ಭರ್ತಿ ಆಗ್ಲಿ, ಆಮೇಲೆ ಬರ್ಕಳಿ. ನೀವು ಬರೆದು ಕೊಟ್ರೆ ಪಂಚಾಯ್ತಿಗೆ ತೋರಿಸ್ತೆ. ಗೋಡೆ ನಮ್ಮನೆ ದಾಟಿ ಕಟ್ಟಲಿ ಅಂತ."

ನಮ್ಮ ಕಡೆ ಪೊಲೀಸ್ ಭರ್ತಿ ಗೊತ್ತು, ದವಾಖಾನೆಗೆ ಭರ್ತಿ ಗೊತ್ತು, ಫಾರ್ಮು ಭರ್ತಿ ಗೊತ್ತು. ಬಾಯಿಗೆ ಕರವಸ್ತ್ರ ಒತ್ತಿಕೊಂಡೇ ನಾನು ಕೈಯಲ್ಲಿದ್ದ ಫಾರ್ಮು ತೋರಿಸಿ, "ಭರ್ತಿ ಆತ್ರಿ ಅಕ್ಕಾ" ಎಂದೆ. ಆಕೆ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ.

ಊಟಕ್ಕೆ ಕೂತಾಗ ಖಾನಾವಳಿಯ ಮಾಲೀಕ ಕಡಲ ಕಡೆ ನೋಡಿ, "ಇವತ್ತು ಭರ್ತಿ ಜೋರು" ಎಂದ. ತಿರುಗಿ ನೋಡಿದರೆ ನಾವು ಅಳೆದ ಮರಳೇ ಇಲ್ಲ. ನೀರು ಆ ತೆಂಗಿನ ಬುಡಕ್ಕೆ ಬಂದು ಬಡಿಯುತ್ತಿತ್ತು. ಅವರ ಭರ್ತಿ ಎಂದರೆ ಕಡಲಿನ ಉಬ್ಬರ. ಚಂದ್ರನ ಚಿತ್ರ ಬರೆದು ಉಬ್ಬರವಿಳಿತಕ್ಕೆ ಹತ್ತಕ್ಕೆ ಹತ್ತು ಅಂಕ ಪಡೆದವಳು ನಾನು. ಆದರೆ ಹೊಳೆಯವಳು. ಬೆಳಿಗ್ಗೆ ಅಲ್ಲಿದ್ದ ನೀರು ಮಧ್ಯಾಹ್ನ ಇಲ್ಲಿಗೆ ಬಂದೀತು ಎಂಬುದು ತಲೆಗೇ ಹೊಳೆದಿರಲಿಲ್ಲ.

"ಸರ್, ನಾವ ಅಳದದ್ದು ತಪ್ಪೈತ್ರಿ. ಇನ್ನೊಮ್ಮಿ ಅಳೀಬೇಕ್ರಿ" ಎಂದೆ.

ಸರ್ ಮಜ್ಜಿಗೆ ಕುಡಿಯುತ್ತಿದ್ದರು. "ಭರ್ತಿ ಮಾಡಿದ ಫಾರ್ಮ ತಿದ್ದಾಂಗಿಲ್ಲವ್ವಾ. ಗುಡಿ ನೋಡೂದೈತಿ, ಬಸ್ ಹತ್ತು."

ಹತ್ತಿದೆ. ಕಿಟಕಿಯಿಂದ ಆ ಹೆಂಗಸು ಕಂಡಳು. ಹೊಸ್ತಿಲಲ್ಲಿ ನಿಂತು ನಮ್ಮ ಬಸ್ಸಿನ ಕಡೆಗೇ ನೋಡುತ್ತಿದ್ದಳು, ಈಗ ಬಂದು ಅಳೆಯುತ್ತಾರೆ ಎಂಬಂತೆ. ಕರವಸ್ತ್ರ ಮಡಚಿ ಚೀಲಕ್ಕೆ ತುರುಕಿದೆ. ನಾರುತ್ತಿದ್ದದ್ದು ಮೀನಲ್ಲ ಎಂದು ಅಷ್ಟರಲ್ಲಿ ತಿಳಿದಿತ್ತು.

ವರದಿಯಲ್ಲಿ 'ಗೋಡೆಯಿಂದಾಚೆ ಮರಳಿನ ಸವಕಳಿ ಕಂಡುಬಂದಿಲ್ಲ' ಎಂದು ಬರೆದೆವು. ರಟ್ಟು ಹಾಕಿಸಿ ಕಾಲೇಜಿನಲ್ಲಿ ಪ್ರದರ್ಶನಕ್ಕಿಟ್ಟರು. ಸರ್ ದೊಡ್ಡ ಮನಸ್ಸು ಮಾಡಿ, ಪಾಪ ಆ ಹೆಂಗಸು ಕೇಳಿದ್ದಳಲ್ಲ ಎಂದು ಒಂದು ಪ್ರತಿ ಆಕೆಗೂ ಕಳಿಸಲು ಹೇಳಿದರು. ಅಕ್ಷರ ಚೆಂದ ಎಂದು ಆ ಕೆಲಸವೂ ನನಗೇ ಬಂತು.

ಪಡಸಾಲೆಯಲ್ಲಿ ಕೂತು ವಿಳಾಸ ಬರೆಯುತ್ತಿದ್ದಾಗ ಅವ್ವ ಕೇಳಿದಳು, "ಯಾರಿಗಿ ಕಾಗದ?"

"ಸಮುದ್ರದ ದಂಡಿ ಮ್ಯಾಲಿನ ಒಬ್ಬಾಕಿಗಿ."

"ಏನಂತ ಬರದಿ?"

"ನೀರು ಆಕಿ ಮನೀ ತನಕ ಬರೂದಿಲ್ಲಂತ."

"ಬರೂದಿಲ್ಲೇನ ಮತ್ತ?"

"ಬರತೈತಿ. ನಾವು ಹೋದಾಗ ಇಳದಿತ್ತು."

ಅವ್ವ ನನ್ನ ಬೆನ್ನ ಹಿಂದಿನ ಗೋಡೆಯ ಗೆರೆಯನ್ನು ನೋಡಿ, ಒಳಗೆ ಹೋದಳು. ಆ ಬೈಗುಳ ನನಗೆ ಬೈದಿದ್ದರೆ ಚೆನ್ನಾಗಿತ್ತು. ನಾನು ಲಕೋಟೆಗೆ ಗೋಂದು ಹಚ್ಚಿದೆ. ಪೋಸ್ಟಿಗೆ ಹಾಕಿಯೂ ಬಂದೆ.