ಬಿರುಕು ನೋಡುವವನು

ಅವನು ಓದಿದ್ದು ಕಟ್ಟುವ ವಿದ್ಯೆ, ಸಿಕ್ಕಿದ್ದು ಒಡೆಯುವುದನ್ನು ನೋಡುತ್ತ ನಿಲ್ಲುವ ಕೆಲಸ. ಡಿಪ್ಲೊಮಾ ಮಾಡುತ್ತಿದ್ದ ಮೂರು ವರ್ಷವೂ ಕನಸಿನಲ್ಲಿ ಸೇತುವೆಗಳು ಬರುತ್ತಿದ್ದವು. ಈಗ ಬರುವುದು ಗೋಡೆಗಳು. ಅದೂ ಸುಣ್ಣ ಉದುರಿದ, ಬೇರೆಯವರ ಮನೆಯ ಗೋಡೆಗಳು. ಊರಿನ ಹೊಟ್ಟೆಯೊಳಗೆ ಮೆಟ್ರೊ ಸುರಂಗ ಕೊರೆಯುವ ಯಂತ್ರವೊಂದು ಸಾಗುತ್ತಿತ್ತು. ಅದರ ನೆತ್ತಿಯ ಮೇಲೆ ನಲವತ್ತೆರಡು ಹಳೆಯ ಮನೆಗಳಿದ್ದವು. ಯಾವ ಗೋಡೆ ಬಿರುಕು ಬಿಟ್ಟಿದೆ, ನಿನ್ನೆಗಿಂತ ಇವತ್ತು ಎಷ್ಟು ಅಗಲವಾಗಿದೆ ಎಂದು ದಿನಾ ನೋಡಿ ಬರೆಯುವುದು ನಗರದ ಅಭಿವೃದ್ಧಿಯಲ್ಲಿ ಅವನ ಪಾಲು.

ಬೀದಿಯವರು ಅವನಿಗೆ ಬಿರುಕಪ್ಪ ಎಂದು ಹೆಸರಿಟ್ಟಿದ್ದರು. ಮನೆಯಲ್ಲೂ ಮರ್ಯಾದೆ ಅಷ್ಟಕ್ಕಷ್ಟೇ. "ಗೋಡೆ ನೋಡೋಕೂ ಸಂಬಳ ಕೊಡ್ತಾರೇನೋ?" ಎಂದು ಭಾವ ಕೇಳಿದ್ದ. "ನಿನ್ನಕ್ಕ ಬೈಯೋವಾಗ ನಾನು ದಿನಾ ಅರ್ಧ ಗಂಟೆ ಪುಕ್ಕಟೆ ನೋಡ್ತೀನಲ್ಲೋ." ಅವನೂ ನಕ್ಕಿದ್ದ. ನಗದಿದ್ದರೆ ಭಾವ ಆ ಮಾತನ್ನು ಇನ್ನೊಮ್ಮೆ ಹೇಳುತ್ತಾನೆಂದು ಗೊತ್ತಿತ್ತು.

ಕೆಲಸ ಕಷ್ಟದ್ದಲ್ಲ, ಆದರೆ ಜೀವ ಹಿಂಡುವಂಥದ್ದು. ಪ್ರತಿ ಬಿರುಕಿನ ಮೇಲೂ ಎರಡು ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿಗಳು. ಒಂದರ ತುದಿ ಬಿರುಕಿನ ಆಚೆ, ಇನ್ನೊಂದರದ್ದು ಈಚೆ ಅಂಟಿರುತ್ತಿತ್ತು. ಕೆಳಗಿನದರಲ್ಲಿ ಮಿಲಿಮೀಟರಿನ ಚೌಕಗಳು, ಮೇಲಿನದರಲ್ಲಿ ಕೆಂಪು ಗೆರೆ. ಗೋಡೆ ಬಾಯಿಬಿಟ್ಟಷ್ಟೂ ಗೆರೆ ಸೊನ್ನೆಯಿಂದ ದೂರ ಸರಿಯುತ್ತದೆ. ಐದು ದಾಟಿದರೆ ಯಂತ್ರ ನಿಲ್ಲಬೇಕು, ಮನೆಯವರು ಹೊರಗೆ ಬರಬೇಕು. ಓದುವ ಮೊದಲು ಪಟ್ಟಿಯನ್ನು ಹೆಬ್ಬೆರಳಿನಿಂದ ಒತ್ತಿ, ಗಟ್ಟಿಯಾಗಿದೆಯೇ ಎಂದು ನೋಡಬೇಕು. ಅದು ನಿಯಮ. ಮೊದಲ ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಒತ್ತಿದ. ಎರಡನೆಯ ತಿಂಗಳು ಒತ್ತಿದಂತೆ ಮಾಡಿದ. ಐದನೆಯ ತಿಂಗಳ ಹೊತ್ತಿಗೆ ಬಾಗಿಲಲ್ಲೇ ನಿಂತು, ಕತ್ತು ಚಾಚಿ ಓದುವ ಕಲೆ ಸಿದ್ಧಿಸಿತ್ತು.

ಹದಿನೇಳನೆಯ ಮನೆ ಮಾತ್ರ ಬೇರೆ. ಅಲ್ಲಿ ಕೂರಲು ಸ್ಟೂಲು ಸಿಗುತ್ತಿತ್ತು.

ಅದು ಪುಸ್ತಕಗಳಿಗೆ ರಟ್ಟು ಕಟ್ಟುವ ಅಜ್ಜನ ಮನೆ. ಮುಂದಿನ ಕೋಣೆಯೇ ಅಂಗಡಿ, ಅದೇ ಮಲಗುವ ಕೋಣೆ. ನಡುವೆ ತಿರುಪಿನ ಕಬ್ಬಿಣದ ಪ್ರೆಸ್ಸು, ಸುತ್ತ ಕಚೇರಿಗಳಿಂದ ಬಂದ ಬೆನ್ನು ಮುರಿದ ರಿಜಿಸ್ಟರುಗಳು, ಒಲೆಯ ಪಕ್ಕ ಹಿಟ್ಟಿನ ಅಂಟಿನ ಪಾತ್ರೆ. ಬಿರುಕು ಬಿಟ್ಟ ಗೋಡೆಗೆ ಒತ್ತಿದಂತೆ ಅಜ್ಜನ ಮಂಚ. ಒಳಗಿನ ಕೋಣೆಯಲ್ಲಿ ಮಗಳು. ಯಾವುದೋ ಶಾಲೆಯಲ್ಲಿ ಗುಮಾಸ್ತೆ, ಬೆಳಿಗ್ಗೆ ಎಂಟಕ್ಕೇ ಹೊರಡುವಳು. ಅವಳು ಹೋದಮೇಲೆ ಅಜ್ಜನಿಗೆ ಮಾತಾಡಲು ಜನ ಬೇಕು, ಇವನಿಗೆ ಗೊಣಗಲು ಜನ ಬೇಕು. ಸರಿಹೋಗಿತ್ತು.

"ನಿಮ್ಮ ಹೆಗ್ಗಣ ಎಲ್ಲೀವರೆಗೆ ಬಂತೋ?" ಎಂದು ಅಜ್ಜ ಟೀ ಕೊಡುತ್ತ ಕೇಳುವನು. ನೆಲದಡಿಯ ಯಂತ್ರಕ್ಕೆ ಅವನಿಟ್ಟ ಹೆಸರದು.

"ನಾಲ್ಕು ಬೀದಿ ಆಚೆ ಇದೆ, ಅಜ್ಜ. ನನಗಿಂತ ವಾಸಿ. ಅದು ಮುಂದಕ್ಕಾದ್ರೂ ಹೋಗ್ತಿದೆ."

ಒಂದು ದಿನ ಕಾಲು ವಿಪರೀತ ನೋಯುತ್ತಿತ್ತು. ಹಿಂದಿನ ಸಂಜೆ ಸೂಪರ್‌ವೈಸರ್ ಬೈದಿದ್ದ. ಅಜ್ಜನ ಗೋಡೆಯ ಗೆರೆ ಎರಡಕ್ಕೆ ಬಂದಿತ್ತು. ಇವನು ಸ್ಟೂಲಿನ ಮೇಲೆ ಕುಸಿದು ಕೂತ.

"ನೋಡಿ ಅಜ್ಜ, ಈ ಗೆರೆ ಮೂರು ದಾಟ್ತು ಅಂದ್ರೆ ನಾಲ್ಕು ಪುಟ ವರದಿ ಬರೀಬೇಕು, ಹನ್ನೆರಡು ಫೋಟೊ ತೆಗೀಬೇಕು. ಆಮೇಲೆ ನಾನೇ ಗುದ್ದಲಿ ತಗೊಂಡು ಗೋಡೆ ಒಡೆದೆ ಅನ್ನೋ ಹಾಗೆ ಬೈತಾರೆ. ನಿಮ್ಮ ಗೋಡೆ ಒಂದು ಎರಡರಲ್ಲೇ ತೆಪ್ಪಗಿದ್ರೆ ನಾನು ಬದುಕ್ಕೊಂಡೆ."

"ಅಷ್ಟೇನಾ?" ಎಂದ ಅಜ್ಜ.

ಮರುದಿನ ಗೆರೆ ಎರಡರಲ್ಲೇ ಇತ್ತು. ಅದರ ಮರುದಿನವೂ ಎರಡು. ಹದಿನಾರನೆಯ ಮನೆಯಲ್ಲಿ ಮೂರಾಯಿತು, ಹದಿನೆಂಟರಲ್ಲಿ ಮೂರೂವರೆಯಾಯಿತು. ನಡುವೆ ಅಜ್ಜನ ಗೋಡೆ ಮಾತ್ರ ಕದಲಲಿಲ್ಲ. ಹಳೇ ಕಾಲದ ಅಡಿಪಾಯ, ಗಟ್ಟಿ ಎಂದು ಬಿರುಕಪ್ಪ ತೀರ್ಮಾನಿಸಿದ. ಮೂರು ವರ್ಷ ಓದಿದ ವಿದ್ಯೆ ಕೊನೆಗೂ ಹೀಗೆ ಉಪಯೋಗಕ್ಕೆ ಬಂತು. ಆರು ದಿನ ಸತತವಾಗಿ 'ಎರಡು, ಬದಲಾವಣೆ ಇಲ್ಲ' ಎಂದು ಬರೆದು, ಟೀ ಕುಡಿದು, ಹದಿನೆಂಟಕ್ಕೆ ನಡೆದ.

ಏಳನೆಯ ದಿನ ಬೀದಿಯಲ್ಲಿ ಒಂದನೆಯ ಮನೆಯ ತುದಿಗೆ ನೀರಿನ ಪೈಪು ಒಡೆದು ದಾರಿ ಮುಚ್ಚಿತ್ತು. ಹಾಗಾಗಿ ಮೊದಲ ಹತ್ತು ಮನೆಗಳನ್ನು ಆಮೇಲೆ ನೋಡಿದರಾಯಿತೆಂದು ಹನ್ನೊಂದರಿಂದ ಶುರುಮಾಡಿದ. ಹದಿನೇಳಕ್ಕೆ ಬಂದಾಗ ದಿನದ ಹೊತ್ತಿಗಿಂತ ಒಂದು ಗಂಟೆ ಮೊದಲಾಗಿತ್ತು. ಬಾಗಿಲು ತೆರೆದೇ ಇತ್ತು. ಅಜ್ಜ ಮಂಚದ ಮೇಲೆ ಮಂಡಿಯೂರಿದ್ದ. ಬಾಯಲ್ಲಿ ಅಂಟಿನ ಕುಂಚ, ಕೈಯಲ್ಲಿ ಗೆರೆಯ ಪಟ್ಟಿ.

"ಅಯ್ಯೋ, ಇವತ್ತು ಬೇಗ ಬಂದ್ಬಿಟ್ಯಲ್ಲೋ!" ಕಸ ಗುಡಿಸುವ ಮೊದಲೇ ನೆಂಟರು ಬಂದರೆ ಪೇಚಾಡುವ ದನಿ. "ಒಂದ್ನಿಮಿಷ ನಿಂತ್ಕೊ, ಇನ್ನೂ ಸರಿ ಮಾಡಿಲ್ಲ."

"ಏನ್ಮಾಡ್ತಿದೀರಿ ಅಜ್ಜ?"

"ಎರಡಕ್ಕೆ ತರ್ತಿದೀನಿ. ರಾತ್ರಿ ಕಳೆಯೋದ್ರಲ್ಲಿ ಇದು ಸರಿದುಬಿಡುತ್ತೆ. ನಿನ್ನ ಅಂಟು ಕಲ್ಲಿನಂಥದ್ದು ಕಣೋ, ಮೊದಲನೇ ದಿನ ಕೀಳೋಕೆ ಸಾಕುಬೇಕಾಯ್ತು. ನನ್ನ ಅಂಟಾದ್ರೆ ಒದ್ದೆ ಬಟ್ಟೆ ಇಟ್ರೆ ಬಿಡುತ್ತೆ. ಹೆದರಬೇಡ, ಒಂದು ಕೂದಲೆಳೆ ಅತ್ತಿತ್ತ ಆಗಿಲ್ಲ. ಪ್ರತೀ ಸಲ ಪೆನ್ಸಿಲ್ ಗುರುತು ಹಾಕ್ಕೊಂಡೇ ಕಿತ್ತಿದೀನಿ."

ಬಿರುಕಪ್ಪ ಮಂಚ ಹತ್ತಿ ನೋಡಿದ. ಗೋಡೆಯ ಮೇಲೆ ಇವತ್ತಿನದೂ ಸೇರಿ ಏಳು ಸಣ್ಣ ಗೆರೆಗಳಿದ್ದವು, ಅಚ್ಚುಕಟ್ಟಾಗಿ ಒಂದರ ಪಕ್ಕ ಒಂದು. ಅಳತೆಪಟ್ಟಿ ಇಟ್ಟು, ಸರಿದದ್ದನ್ನೆಲ್ಲ ಮೊದಲಿನ ಎರಡಕ್ಕೆ ಕೂಡಿಸಿದ. ಒಂಬತ್ತೂವರೆ ಮಿಲಿಮೀಟರು. ನಂಬದೆ ಮತ್ತೆ ಕೂಡಿಸಿದ. ಗೋಡೆಗೆ ಅವನ ಮೇಲೆ ಕರುಣೆ ಬರಲಿಲ್ಲ, ಒಂಬತ್ತೂವರೆಯೇ.

"ಬಿರುಕು ಕಾಣ್ಲೇ ಇಲ್ವಲ್ಲ ನಂಗೆ?"

"ಹೆಂಗೆ ಕಾಣುತ್ತೆ? ಕಾಗದ ಅಂಟಿಸಿ ಮೇಲೆ ಸುಣ್ಣ ಸವರಿದೀನಿ. ಪುಸ್ತಕದ ಬೆನ್ನು ಬಿಚ್ಕೊಂಡ್ರೆ ಸುಮ್ನೆ ನೋಡ್ತಾ ಕೂರ್ತೀವೇನೋ? ಐವತ್ತು ವರ್ಷದ ಕೈ ಇದು."

ಇವನು ಉಗುರಿನಿಂದ ಕಾಗದ ಕಿತ್ತ. ಒಳಗಿನಿಂದ ತಣ್ಣನೆಯ ಗಾಳಿ ಬಂತು. ಪೆನ್ಸಿಲು ತೂರಿಸಿದರೆ ನಿರಾಯಾಸವಾಗಿ ಹೋಯಿತು. ಕೆಳಗೆ ಅಜ್ಜನ ಮಂಚ, ಮಂಚದ ಮೇಲೆ ದಿಂಬು, ದಿಂಬಿನಲ್ಲಿ ತಲೆಯ ಗುರುತು. ಯಂತ್ರ ಈ ಮನೆಯ ಅಡಿಗೆ ಬರುವುದು ನಾಡಿದ್ದು.

ಅವನು ಸ್ಟೂಲಿನ ಮೇಲೆ ಕೂತ. ಮುಂದಿನ ವರ್ಷದ ಕೆಲಸದ ಆದೇಶ ಇನ್ನೂ ಸಹಿಯಾಗದೆ ಸೂಪರ್‌ವೈಸರನ ಮೇಜಿನ ಮೇಲಿತ್ತು. ಇವತ್ತೂ 'ಎರಡು' ಎಂದು ಬರೆದರೆ? ನೂರು ವರ್ಷ ನಿಂತ ಗೋಡೆ ಇನ್ನೆರಡು ದಿನ ನಿಲ್ಲಲಾರದೇ? ನಿಂತರೂ ನಿಂತೀತು. ಹಾಗೆ ಯೋಚಿಸಿದ್ದಕ್ಕೆ ಅವನಿಗೆ ನಾಚಿಕೆಯಾಗಬೇಕಿತ್ತು. ಆದದ್ದು ಬರೀ ಸುಸ್ತು.

"ಬರೀಬೇಡ ಕಣೋ," ಎಂದ ಅಜ್ಜ. ಇವನ ಮುಖ ನೋಡಿ ಅವನಿಗೆ ಏನೋ ಹೊಳೆದಿತ್ತು. "ನಿನ್ನ ಕೆಲಸಾನೂ ಹೋಗುತ್ತೆ, ನನ್ನನ್ನೂ ಎಬ್ಬಿಸ್ತಾರೆ. ಇಪ್ಪತ್ತು ರಿಜಿಸ್ಟರ್ ಒಣಗೋಕೆ ಇಟ್ಟಿದೀನಿ. ಈ ಗೋಡೆ ನಂಗೊತ್ತು. ಬೀಳಲ್ಲ."

"ನಂಗೊತ್ತಿಲ್ಲ ಅಜ್ಜ," ಎಂದು ಫೋನ್ ತೆಗೆದ.

ಅರ್ಧ ಗಂಟೆಯಲ್ಲಿ ಕೋಣೆ ತುಂಬ ಹೆಲ್ಮೆಟ್ಟುಗಳು. ಎಂಜಿನಿಯರುಗಳು ಬಿರುಕಿಗೆ ಟಾರ್ಚು ಹಾಕಿ ನೋಡಿ, ಹೊರಗೆ ಹೋಗಿ ಫೋನಿನಲ್ಲಿ ಕೂಗಾಡಿದರು. ಹನ್ನೊಂದೂವರೆಗೆ ಯಂತ್ರ ನಿಂತಿತು. ಸಂಜೆಯೊಳಗೆ ಅಜ್ಜ ಮತ್ತು ಮಗಳು ಲಾಡ್ಜಿಗೆ ಹೋಗಬೇಕು, ನೆಲಕ್ಕೆ ಸಿಮೆಂಟು ತುಂಬಿದ ಮೇಲೆ ಮನೆಯನ್ನು ಗುತ್ತಿಗೆ ಕಂಪನಿಯೇ ರಿಪೇರಿ ಮಾಡಿಕೊಡಬೇಕು ಎಂದು ತೀರ್ಮಾನವಾಯಿತು.

ಸೂಪರ್‌ವೈಸರ್ ಇವನನ್ನು ಬೀದಿಕೊನೆಯ ತಗಡಿನ ಕಚೇರಿಗೆ ಕರೆದೊಯ್ದ. ಅವನೂ ಬೆಳಿಗ್ಗೆಯಿಂದ ಏನೂ ತಿಂದಂತೆ ಕಾಣಲಿಲ್ಲ.

"ಆರು ದಿನ ಏನ್ಮಾಡ್ತಿದ್ದೆ? ಕತ್ತೆ ಕಾಯ್ತಿದ್ಯಾ?"

"ಎರಡು ಅಂತ ಬರೀತಿದ್ದೆ, ಸಾರ್."

ಸೂಪರ್‌ವೈಸರ್ ಬಿಳಿ ಹಾಳೆಯೊಂದನ್ನು ಮುಂದಕ್ಕೆ ತಳ್ಳಿದ. "ಹೇಳಿಕೆ ಬರಿ. ಮನೆಯವರು ಪಟ್ಟಿ ಕಿತ್ತು ಜಾಗ ಬದಲಾಯಿಸಿದ್ರು. ಒಂದೇ ಸಾಲು. ಎಂಜಿನಿಯರುಗಳಿಗೆ ಬಿರುಕು ನೋಡೋ ಅವಸರ, ಬೇರೇನೂ ಕಾಣ್ಲಿಲ್ಲ. ಆ ಪೆನ್ಸಿಲ್ ಗುರುತು, ಅಂಟಿನ ವಾಸನೆ ನಂಗಂತೂ ಗೊತ್ತಾಯ್ತು. ಬರೆದ್ರೆ ನಿನ್ನ ಕೆಲಸ ಉಳಿಯುತ್ತೆ."

"ಅಜ್ಜನ ರಿಪೇರಿ?"

"ಪಟ್ಟಿ ಮುಟ್ಟಿದ ಮನೆಗೆ ಕಂಪನಿ ರಿಪೇರಿ ಮಾಡಲ್ಲ. ನಿಯಮ."

"ಅವ್ರು ನನಗೋಸ್ಕರ ಮಾಡಿದ್ದು, ಸಾರ್."

"ಅದನ್ನ ಬರೆಯೋಕೆ ಹೇಳಿಕೆಯಲ್ಲಿ ಜಾಗ ಇಲ್ಲ."

ಬಿರುಕಪ್ಪ ಪೆನ್ನು ಕೈಗೆತ್ತಿಕೊಂಡ. ಅಮ್ಮನ ಮುಖ ನೆನಪಾಯಿತು, ಭಾವ ಹೊಸದಾಗಿ ಹೇಳಬಹುದಾದ ಜೋಕುಗಳು ನೆನಪಾದವು. ಕೊನೆಗೆ ಬರೆದ: 'ಆರು ದಿನವೂ ನಾನು ನಿಯಮದಂತೆ ಪಟ್ಟಿಯನ್ನು ಒತ್ತಿ ನೋಡಲಿಲ್ಲ. ಒತ್ತಿದ್ದರೆ ಅದು ಸಡಿಲವಾಗಿದ್ದುದು ಮೊದಲ ದಿನವೇ ಗೊತ್ತಾಗುತ್ತಿತ್ತು.' ಓದಿ ನೋಡಿದ. ಐದು ತಿಂಗಳಲ್ಲಿ ಅವನು ಬರೆದ ವರದಿಗಳಲ್ಲೆಲ್ಲ ಸರಿಯಾಗಿದ್ದದ್ದು ಇದೊಂದೇ ಇರಬೇಕು.

ಸೂಪರ್‌ವೈಸರ್ ಎರಡು ಸಲ ಓದಿದ. "ನೀನು ಬುದ್ಧಿವಂತ ಅಂದ್ಕೊಂಡಿದ್ದೆ."

"ನಮ್ಮನೇಲಿ ಯಾರಿಗೂ ಆ ಅನುಮಾನ ಬಂದಿರಲಿಲ್ಲ, ಸಾರ್."

ಸೂಪರ್‌ವೈಸರ್ ನಗಲಿಲ್ಲ. ಹಾಳೆ ಮಡಚಿ ಜೇಬಿಗಿಟ್ಟುಕೊಂಡ. "ಇದನ್ನೇ ಮೇಲಕ್ಕೆ ಕಳಿಸ್ತೀನಿ. ಹೆಲ್ಮೆಟ್ಟು, ಗುರುತಿನ ಚೀಟಿ ಇಲ್ಲಿಡು. ಹೋಗು."

ಬೀದಿಗೆ ಬಂದಾಗ ಹದಿನೇಳರ ಮುಂದೆ ಟೆಂಪೊ ನಿಂತಿತ್ತು. ಶಾಲೆಯಿಂದ ಓಡಿಬಂದ ಮಗಳು, ಡ್ರೈವರು ಇಬ್ಬರೂ ಸೇರಿ ಪ್ರೆಸ್ಸನ್ನು ಎತ್ತಲಾಗದೆ ಏದುಸಿರು ಬಿಡುತ್ತಿದ್ದರು. ಅಜ್ಜ ಅದನ್ನು ಬಿಟ್ಟು ಹೊರಡುವುದಿಲ್ಲವೆಂದು ಹಠ ಹಿಡಿದಿದ್ದ. ಬಿರುಕಪ್ಪ ಇನ್ನೊಂದು ತುದಿಗೆ ಕೈಕೊಟ್ಟ. ಒಣಗದ ರಿಜಿಸ್ಟರುಗಳನ್ನು ಒಂದೊಂದಾಗಿ, ಕೂಸಿನಂತೆ ಎತ್ತಿ ತಂದಿಟ್ಟ.

"ಹತ್ತಿ, ಬಸ್‌ಸ್ಟಾಪಿಗೆ ಬಿಡ್ತೀವಿ," ಎಂದಳು ಮಗಳು.

ಡ್ರೈವರನ ಪಕ್ಕ ಅವಳು ಕೂತಳು. ಇವರಿಬ್ಬರೂ ಹಿಂದೆ, ಪ್ರೆಸ್ಸಿನ ಆಚೆಯೊಬ್ಬರು ಈಚೆಯೊಬ್ಬರು. ಟೆಂಪೊ ಇಪ್ಪತ್ತು ಮಾರು ಹೋಗಿ, ಮೆಟ್ರೊ ನಿಲ್ದಾಣಕ್ಕೆಂದು ಅಗೆದ ಗುಂಡಿಯ ಬಳಿ ನಿಂತಿತು. ಮುಂದೆ ಕಣ್ಣು ಹಾಯುವಷ್ಟು ದೂರ ವಾಹನಗಳು.

"ನಿನಗೆ ಒಳ್ಳೇದಾಗ್ಲಿ ಅಂತ ಮಾಡಿದ್ದಕ್ಕೆ," ಎಂದ ಅಜ್ಜ, "ನನ್ನನ್ನೇ ಬೀದಿಗೆ ತಂದೆಯಲ್ಲೋ."

"ಹೂಂ, ಅಜ್ಜ."

"ಈಗ ನಿನ್ನ ಕೆಲಸಾನಾದ್ರೂ ಗಟ್ಟಿಯಾಯ್ತಾ?"

"ನಿಮ್ಮ ಗೋಡೆ ಗಟ್ಟಿ ಮಾಡಿಕೊಡ್ತಾರೆ."

ಅಜ್ಜ ಅವನ ಹೆಲ್ಮೆಟ್ಟಿಲ್ಲದ ಬರಿದಲೆಯನ್ನು ನೋಡಿದ. ಒಂದು ರಿಜಿಸ್ಟರನ್ನು ಮಡಿಲಿಗೆಳೆದುಕೊಂಡು, ಮೂಲೆ ಮಡಚಿದೆಯೇ ಎಂದು ಬೆರಳಿನಿಂದ ಸವರತೊಡಗಿದ.

ಮಗಳು ಮುಂದಿನಿಂದ ತಿರುಗಿದಳು. "ಇಲ್ಲೇ ಇಳಿದು ನಡೆದ್ರೆ ಬೇಗ ಸೇರ್ತೀರಿ ನೀವು. ಇದು ಸದ್ಯಕ್ಕೆ ಕದಲೋ ಹಾಗಿಲ್ಲ."

"ಇರ್ಲಿ ಬಿಡಿ ಅಕ್ಕ," ಎಂದ ಬಿರುಕಪ್ಪ. "ಬೇಗ ಹೋಗಿ ಮಾಡೋದೇನಿದೆ? ಪ್ರೆಸ್ಸು ಇಳಿಸೋಕೆ ಒಬ್ರು ಬೇಕಲ್ಲ."