ಮೇಸ್ತ್ರಿಗೆ ಓದಿ ಹೇಳಿದ ಪತ್ರ

ವನಜಾ, ನಿಮ್ಮಪ್ಪನಿಗೆ ಬಂದ ಇಂಗ್ಲಿಷ್ ಪತ್ರವನ್ನು ನಾನು ಸುಳ್ಳಾಗಿ ಓದಿ ಹೇಳಿದೆ. ತಪ್ಪಾಗಿ ಅಲ್ಲ—ಗೊತ್ತಿದ್ದೂ ಗೊತ್ತಿದ್ದೂ, ಸುಳ್ಳಾಗಿ.

ಬಾಳೂರಿನ ಆ ಎಸ್ಟೇಟಿನಲ್ಲಿ ವಯಸ್ಸಾಗಿ ಕೆಲಸ ಬಿಟ್ಟವರು ಆಳುಗಳಿಗೆಂದು ಸಾಲಾಗಿ ಕಟ್ಟಿಸಿದ ಲೈನ್ ಮನೆಯನ್ನೂ ಬಿಡಬೇಕಿತ್ತು. ನೀನು ಹತ್ತನೆಯ ತರಗತಿಯ ಪರೀಕ್ಷೆ ಬರೆಯುವವರೆಗಾದರೂ ಇರಲು ಬಿಡಿ ಎಂದು ಆಳುಗಳ ಮೇಸ್ತ್ರಿಯಾಗಿದ್ದ ನಿಮ್ಮಪ್ಪ ಅರ್ಜಿ ಕೊಟ್ಟಿದ್ದರು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಮಗನಾದ ನಾನು, ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಗತ್ತಿನಲ್ಲಿ, ಲೈನಿನ ನಲ್ಲಿಯ ಹತ್ತಿರ ಎಲ್ಲರೆದುರು ವಾದಿಸಿದ್ದೆ—ಸಾಹುಕಾರರು ಆಳುಗಳ ಜೊತೆ ಮಾತಿಗೆ ಕೂರುವುದಿಲ್ಲ, ಬರೀ ಆಜ್ಞೆ ಮಾಡುತ್ತಾರೆ.

ಚಿಕ್ಕಮಗಳೂರಿನಿಂದ ಸಾಹುಕಾರರ ಉತ್ತರ ಬಂತು. ಎರಡೇ ಸಾಲು. ಭಾನುವಾರ ಬಂಗಲೆಗೆ ಬನ್ನಿ, ‘ಲೆಟ್ ಅಸ್ ಟಾಕ್ ಇಟ್ ಓವರ್’.

ನನಗೆ ಅದರ ಅರ್ಥ ಗೊತ್ತಿರಲಿಲ್ಲವೆ? ಆ ವಾರವೇ ಕಿರಿಯ ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಿದ್ದೆ: ತೀರ್ಮಾನಕ್ಕೆ ಮೊದಲು ಇಬ್ಬರೂ ಕೂತು ಒಂದು ವಿಷಯವನ್ನು ಎಲ್ಲ ಕಡೆಯಿಂದ ಮಾತಾಡಿ ನೋಡುವುದು. ಒಬ್ಬ ಹೇಳಿ ಇನ್ನೊಬ್ಬ ಬರೀ ಕೇಳುವಲ್ಲಿ ಅದನ್ನು ಬಳಸುವುದಿಲ್ಲ ಎಂದು—ಹೌದು, ಅದನ್ನೂ ಹೇಳಿದ್ದೆ.

“ಏನ್ ಬರ್ದಿದಾರೆ, ಹೇಳು ಮಾರಾಯ. ಹುಳಿ ಕಿತ್ಲೆ ತಿಂದಂಗೆ ಯಾಕೆ ಮುಖ ಮಾಡ್ತಿ?”

“ತೀರ್ಮಾನ ಮಾಡಿ ಆಗಿದೆಯಂತೆ ಮೇಸ್ತ್ರಿ. ನೀವು ಬಂಗ್ಲೆಗೆ ಹೋಗಿ ಕೇಳ್ಕೊಂಡು ಬರ್ಬೇಕಂತೆ.”

“ಮನೆ ಬಿಡು ಅಂತ ಹೇಳಿಸ್ಕೊಳ್ಳಕ್ಕೆ ಆ ಮೆಟ್ಲು ಬೇರೆ ಹತ್ಬೇಕಾ ನಾನು? ನೀ ಹೇಳಿದ್ದೇ ಸರಿ ಆಯ್ತು ಬಿಡು.”

ಆ ಕೊನೆಯ ಮಾತು—ಅದಕ್ಕಾಗಿಯೇ ಅಲ್ಲವೆ ನಾನು...

ಶನಿವಾರದ ಜೀಪಿನಲ್ಲಿ ನೀವು ಸಂಸೆಗೆ, ನಿನ್ನ ಅಜ್ಜಿಯ ಮನೆಗೆ ಹೊರಟಿರಿ. ಪಾತ್ರೆಗಳ ಮೇಲೆ ನಿನ್ನ ಸ್ಕೂಲ್ ಬ್ಯಾಗ್ ಇಟ್ಟು ಹಗ್ಗ ಬಿಗಿದದ್ದನ್ನು ನಿಂತು ನೋಡಿದೆ. ನಿಜ ಹೇಳಲು ಇನ್ನೂ ಒಂದು ದಿನ ಇತ್ತು, ವನಜಾ.

ಭಾನುವಾರ ಸಾಹುಕಾರರು ಬಂಗಲೆ ಮುಂದೆ ಕಾಫಿ ಒಣಗಿಸುವ ಕಣದಲ್ಲಿ ಎರಡು ಕುರ್ಚಿ ಹಾಕಿಸಿ ಮಧ್ಯಾಹ್ನದವರೆಗೆ ಕಾದರಂತೆ. “ಪರೀಕ್ಷೆವರೆಗೆ ಇರ್ಲಿ ಅಂತಿದ್ದೆ. ಹೇಳ್ದೆ ಕೇಳ್ದೆ ಹೋದ್ನಲ್ಲ” ಅಂದರೆಂದು ನನ್ನಪ್ಪ ಬಂದು ಹೇಳಿದರು. ಪತ್ರ ಓದಿದವನು ನಾನೆಂದು ಅವರಿಗೂ ಹೇಳಲಿಲ್ಲ. ನೀನು ಪರೀಕ್ಷೆಗೆ ಕೂರಲೇ ಇಲ್ಲವಂತೆ. ಈಗ ಯಾರದೋ ತೋಟದಲ್ಲಿ ಕಾಫಿ ಹಣ್ಣು ಕುಯ್ಯಲು ಹೋಗುತ್ತೀಯಂತೆ.

ಸಾಹುಕಾರರೆಲ್ಲ ಒಳ್ಳೆಯವರೆಂದು ಇವತ್ತಿಗೂ ನಾನು ಒಪ್ಪುವುದಿಲ್ಲ. ಆದರೆ ಆ ಎರಡು ಸಾಲು ನಿಮಗೆ ಬಂದದ್ದು. ಅದನ್ನು ಕಸಿದುಕೊಂಡವನು ಸಾಹುಕಾರನಲ್ಲ.

ಈ ಕಾಗದ ತಲುಪಿದ ಮೇಲೆ ಸಂಸೆಗೆ ಬರುತ್ತೇನೆ. ಇಷ್ಟನ್ನೂ ಮೇಸ್ತ್ರಿಯವರ ಎದುರು ನಿಂತು ಹೇಳುತ್ತೇನೆ. ಅವರು ಬೈಯಲಿ, ನೀನು ಬಾಗಿಲು ಹಾಕಿಕೋ—ನಾನು ಎದುರು ಮಾತಾಡುವುದಿಲ್ಲ.